ಸೀಬೆ ಎಲೆಯ ಬೆಳ್ಳಿ

"ಮೊದಲು ನಿನ್ನ ಕಷಾಯದ ಪಾತ್ರೆ ಎತ್ತಿಕೊಂಡು ಆಚೆ ನಡಿ! ಇದು ಬ್ಯಾಂಡೇಜ್ ಬಟ್ಟೆ ಮಾಡೋ ಕಾರ್ಖಾನೆ, ಅಡುಗೆಮನೆ ಅಲ್ಲ."

"ಅಡುಗೆಮನೆ ಆಗಿದ್ರೆ ನೀನು ಈ ಕಡೆ ತಲೆನೇ ಹಾಕ್ತಿರಲಿಲ್ಲ ಅಣ್ಣ. ಊಟದ ತಟ್ಟೆ ಮುಂದೆ ಮಾತ್ರ ಕಾಣಿಸ್ಕೊಳ್ಳೋ ಗಿರಾಕಿ ನೀನು."

"ಬಾಯಿ ನೋಡು ಬಾಯಿ! ಕಾಲೇಜಲ್ಲಿ ಮಕ್ಕಳಿಗೆ ಇದನ್ನೇ ಕಲಿಸ್ತೀಯಾ?"

"ಕಾಲೇಜಲ್ಲಿ ಕಿರುಚೋ ಮಕ್ಕಳನ್ನ ಆಚೆ ಕಳಿಸ್ತೀನಿ. ನೀನೂ ನಡಿ."

ಯಜಮಾನನ ಕೈಯಲ್ಲಿ ಅಳತೆಯ ಟೇಪು ಇತ್ತು. ಅದರ ಇನ್ನೊಂದು ತುದಿ ತಂಗಿಯ ಮೇಜಿನ ಕಾಲಿಗೆ ಸಿಕ್ಕಿಹಾಕಿಕೊಂಡಿತ್ತು. ಸಿಟ್ಟಿನಲ್ಲಿ ಎಳೆದ. ಮೇಜು ಅಲ್ಲಾಡಿತು, ಮೇಲಿದ್ದ ಗಾಜಿನ ಬುರುಡೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ತಂಗಿ ಎರಡೂ ಕೈ ಚಾಚಿ, ಮೊಟ್ಟೆಗೆ ಕೂತ ಕೋಳಿಯ ಹಾಗೆ ಅವುಗಳ ಮೇಲೆ ಬಾಗಿದಳು.

"ಒಡೆದು ಹಾಕು! ಒಡೆದು ಹಾಕಿಬಿಡು, ನೆಮ್ಮದಿ ಆಗುತ್ತೆ ನಿನಗೆ!"

ಜಗಳ ಕೋಣೆಯದು. ಬಟ್ಟೆ ಮಡಿಸುವ ಹೊಸ ಯಂತ್ರಕ್ಕೆ ಯಜಮಾನ ಹೇಳಿಕಳಿಸಿ ಆಗಿತ್ತು, ಇನ್ನು ಕೆಲವು ದಿನದಲ್ಲಿ ಬರಲಿತ್ತು. ಅದನ್ನು ಇಡುವುದಕ್ಕೆ ಒಣಗಿದ ಜಾಗ ಬೇಕು, ಮಗ್ಗದ ಧೂಳು ಬೀಳದ ಜಾಗ ಬೇಕು. ಯಜಮಾನನ ಆಫೀಸು ಬಿಟ್ಟರೆ ಹಾಗಿರುವುದು ಇಡೀ ಕಾರ್ಖಾನೆಯಲ್ಲಿ ಈ ಹಿಂದಿನ ಕೋಣೆ ಒಂದೇ. ಮೊದಲು ಇಲ್ಲಿ ಚಿಂದಿ ಬಟ್ಟೆ ತುಂಬುತ್ತಿದ್ದರು. ಕಾಲೇಜಿನಲ್ಲಿ ರಸಾಯನ ಪಾಠ ಹೇಳುವ ತಂಗಿ ಅದನ್ನೆಲ್ಲ ತಾನೇ ಹೊರಗೆ ಹಾಕಿ, ಗೋಡೆಗೆ ಸುಣ್ಣ ಬಳಿದು, ಕಿಟಕಿಗೆ ಕಪ್ಪು ಪರದೆ ಕಟ್ಟಿ, ಒಲೆ, ತಕ್ಕಡಿ, ಸೋಸುವ ಕಾಗದ ಎಲ್ಲ ಜೋಡಿಸಿಕೊಂಡಿದ್ದಳು. ಕಾಲೇಜಿನ ಪ್ರಯೋಗಾಲಯದಲ್ಲಿ ಬೆಳಗಿನಿಂದ ಸಂಜೆವರೆಗೆ ಮಕ್ಕಳು. ಅವರು ಒಡೆದದ್ದನ್ನು ಗುಡಿಸುವುದರಲ್ಲೇ ಅವಳ ಬಿಡುವು ಮುಗಿಯುತ್ತಿತ್ತು. ಈ ಕೋಣೆ ಹೋದರೆ ಅವಳ ಕೆಲಸವೂ ಹೋದ ಹಾಗೆ. ಅದು ಅವಳಿಗೂ ಗೊತ್ತು, ಅಣ್ಣನಿಗೂ ಗೊತ್ತು.

ಯಜಮಾನನನ್ನು ಕೆಲಸದವರು ಎದುರಿಗೆ ಯಜಮಾನ್ರೇ ಅನ್ನುತ್ತಿದ್ದರು, ಬೆನ್ನ ಹಿಂದೆ ಕುಕ್ಕರ್ ಅನ್ನುತ್ತಿದ್ದರು. ಕೂಗಿದರೆ ಓಣಿಗೆಲ್ಲ ಕೇಳಬೇಕು. ಕೂಗಿ ಮುಗಿದ ಮೇಲೆ ಒಳಗಿರುವುದೆಲ್ಲ ಮೆತ್ತಗೆ. ಈ ಹೆಸರು ಅವನಿಗೆ ಗೊತ್ತಿಲ್ಲ ಅಂತ ಅವರು ತಿಳಿದಿದ್ದರು. ಅವನಿಗೆ ಗೊತ್ತಿತ್ತು. ಇಟ್ಟದ್ದು ತನ್ನ ಹೆಂಡತಿಯೇ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಆ ಹೆಂಡತಿಯೇ ಈಗ ಟೀ ಲೋಟಗಳ ಜೊತೆ ಬಾಗಿಲಲ್ಲಿ ನಿಂತಿದ್ದಳು. ಕಾರ್ಖಾನೆಯಲ್ಲಿ ಪ್ಯಾಕಿಂಗ್ ಅವಳದು. ಅಣ್ಣ ತಂಗಿಯರ ಜಗಳ ಬಿಡಿಸುವುದೂ ಅವಳ ಪಾಲಿಗೇ ಬಂದಿತ್ತು.

"ರೀ, ಏನಿದು? ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ. ಇಬ್ಬರೂ ಟೀ ಕುಡೀರಿ."

"ಇದರಲ್ಲಿ ಕೋಣ ಯಾರು?" ಅಂದ ಯಜಮಾನ.

"ಅದನ್ನ ನೀವು ನೀವೇ ತೀರ್ಮಾನ ಮಾಡ್ಕೊಳ್ಳಿ. ನೋಡಿ, ನಾನೊಂದು ಮಾತು ಹೇಳ್ತೀನಿ. ಮಿಷನ್ ಬರೋವರೆಗೆ ಕೋಣೆ ಅವಳದು. ಅಷ್ಟರಲ್ಲಿ ಅವಳ ಬಟ್ಟೆ ಕ್ರಿಮಿ ಕೊಲ್ಲುತ್ತೆ ಅಂತ ತೋರಿಸ್ಲಿ. ತೋರಿಸಿದ್ರೆ ಕೋಣೆ ಕಾಯಂ ಆಗಿ ಅವಳದು. ತೋರಿಸದೇ ಇದ್ರೆ ಮಿಷನ್‌ದು. ಏನಂತೀಯ ನಾದಿನಿ?"

"ನಾನು ಒಪ್ಪಿದೆ ಅತ್ತಿಗೆ."

"ನೀವು?"

ಯಜಮಾನ ಟೀ ಹೀರಿ ಮುಖ ಸಿಂಡರಿಸಿದ. ಅವನಿಗೆ ಅದು ಗೆದ್ದ ಜಗಳದ ಹಾಗೇ ಕಂಡಿತು. ಎಲೆ ಬೇಯಿಸಿದ ನೀರು ಯಾವ ಕ್ರಿಮಿಯನ್ನು ಕೊಂದೀತು? "ಆಯ್ತು. ಆಮೇಲೆ ಅಳಬಾರದು ಅಷ್ಟೇ."

"ಅಳೋದು ಯಾರು ಅಂತ ನೋಡೋಣ," ಅಂದಳು ತಂಗಿ.

ಅವಳಿಗೆ ಈ ಹುಚ್ಚು ಹಿಡಿಸಿದ್ದು ಆಸ್ಪತ್ರೆಯ ದೊಡ್ಡ ಸಿಸ್ಟರ್. ಸುಟ್ಟಗಾಯದ ವಾರ್ಡಿನ ಮುಖ್ಯ ನರ್ಸ್ ಆಕೆ. ಬ್ಯಾಂಡೇಜ್ ಬಟ್ಟೆ ತೆಗೆದುಕೊಂಡು ಹೋಗಲು ತಾನೇ ಬರುತ್ತಿದ್ದಳು. ಒಮ್ಮೆ ಮಾತಿಗೆ ಮಾತು ಬಂದು, "ನಿಮ್ಮ ಬಟ್ಟೆ ಚೆನ್ನಾಗೇ ಇರುತ್ತೆ. ಆದ್ರೆ ಅದು ಮುಚ್ಚುತ್ತೆ, ಅಷ್ಟೇ. ಅಡಿಯಲ್ಲಿ ಗಾಯ ಕೊಳೆಯೋದನ್ನ ಅದೇನು ತಡೆಯುತ್ತಾ?" ಅಂದುಬಿಟ್ಟಳು. ಯಜಮಾನ ಆ ಮಾತನ್ನು ಅಲ್ಲೇ ಮರೆತ. ತಂಗಿ ಮರೆಯಲಿಲ್ಲ.

ಅವಳ ಕೆಲಸ ನೋಡುವುದಕ್ಕೆ ಸುಲಭ. ಬಟ್ಟೆ ತೊಳೆಯುವ ತೊಟ್ಟಿಯ ಪಕ್ಕದಲ್ಲೇ ಒಂದು ಸೀಬೆ ಮರ ಇತ್ತು. ಅದರ ಎಲೆ ಕಿತ್ತು, ತೊಳೆದು, ನೆರಳಲ್ಲಿ ಒಣಗಿಸಿ, ಕಾಲೇಜಿನಿಂದ ಬಾಟಲಿಯಲ್ಲಿ ತಂದ ಶುದ್ಧ ನೀರಿನಲ್ಲಿ ಕುದಿಸಿ ಸೋಸುತ್ತಿದ್ದಳು. ಇನ್ನೊಂದು ಬುರುಡೆಯಲ್ಲಿ ಸಿಲ್ವರ್ ನೈಟ್ರೇಟ್ ಅನ್ನುವ ಬೆಳ್ಳಿಯ ಲವಣ ಕರಗಿಸಿದ ನೀರು. ಕಣ್ಣಿಗೆ ಬರೀ ನೀರೇ. ಎಲೆಯ ರಸವನ್ನು ಅದಕ್ಕೆ ಹನಿ ಹನಿಯಾಗಿ ಹಾಕಿ ಬೆಚ್ಚಗಿಟ್ಟರೆ ಮೊದಲು ಹಳದಿ, ಆಮೇಲೆ ಜೇನಿನ ಬಣ್ಣ, ಆಮೇಲೆ ಕಂದು. ಲವಣದಲ್ಲಿ ಕರಗಿ ಕೂತಿದ್ದ ಬೆಳ್ಳಿಯನ್ನು ಎಲೆಯ ರಸ ಹೊರಗೆಳೆದು ಕಣಕಣವಾಗಿ ಬಿಡಿಸುತ್ತದೆ ಅನ್ನುವುದು ಅವಳ ವಿವರಣೆ.

"ಎಷ್ಟು ಸಣ್ಣ ಕಣ?" ಅಂತ ಒಮ್ಮೆ ಯಜಮಾನ ಕೇಳಿದ್ದ.

"ನಿನ್ನ ತಲೆಕೂದಲು ಒಂದನ್ನ ಉದ್ದಕ್ಕೆ ಸಾವಿರ ಸೀಳು ಮಾಡು. ಆ ಸೀಳಿಗಿಂತ ಸಣ್ಣ."

"ನನ್ನ ತಲೆಯಲ್ಲಿ ಇರೋದೇ ನಾಲ್ಕು ಕೂದಲು, ಅದರ ಮೇಲೂ ಕಣ್ಣು ಹಾಕಬೇಡ. ಬೆಳ್ಳಿ ಅಂತೀಯ, ಇದು ಹಳೇ ಟೀ ಹಾಗಿದೆ."

"ಅಷ್ಟು ಸಣ್ಣ ಆದ್ಮೇಲೆ ಅದರ ಬಣ್ಣ ಇದೇ ಅಣ್ಣ. ಈ ಬಣ್ಣ ಬಂತು ಅಂದ್ರೆ ಬೆಳ್ಳಿ ಬಂತು ಅಂತ."

ಕಂದು ಬಣ್ಣ ಅಂದರೆ ಯಜಮಾನನಿಗೆ ಮೈ ಉರಿಯುತ್ತಿತ್ತು. ಊರ ಶಾಲೆಯಲ್ಲಿ ನಾಲ್ಕಕ್ಷರ ಕಲಿತು ಬಂದು ತೊಟ್ಟಿಗೆ ಇಳಿದವನು ಅವನು; ಜೀವನವಿಡೀ ಮಾಡಿದ್ದು ಒಂದೇ ಕೆಲಸ, ಬಟ್ಟೆಯಿಂದ ಹಳದಿಯನ್ನು ಓಡಿಸುವುದು. ಮಗ್ಗದಿಂದ ಇಳಿದ ಬಟ್ಟೆ ಮಣ್ಣಿನ ಬಣ್ಣದ್ದು. ಅದನ್ನು ಸೋಡಾದಲ್ಲಿ ಕುದಿಸಿ, ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ತೊಟ್ಟಿಯಿಂದ ತೊಟ್ಟಿಗೆ ದಾಟಿಸಿ ತೊಳೆದು, ಬ್ಲೀಚಿಂಗ್ ಶಕ್ತಿ ಮುರಿಯುವ ಮದ್ದಿನ ನೀರಿನಲ್ಲಿ ಮುಳುಗಿಸಿ, ಮತ್ತೆ ತೊಳೆದು ಒಣಗಿಸಿದರೆ ಕಣ್ಣು ಕುಕ್ಕುವ ಬಿಳಿ. ಅಂಥ ಬಟ್ಟೆಯನ್ನು ಇವಳು ಟೀಯಲ್ಲಿ ಅದ್ದುತ್ತಾಳಂತೆ!

ಹಾಗಿದ್ದರೂ, ಪರೀಕ್ಷೆಗೆ ಒಂದು ತುಂಡು ಬಟ್ಟೆ ಕೊಡು ಅಂತ ತಂಗಿ ಕೇಳಿದಾಗ ಅವನು ಸುಮ್ಮನೆ ಕತ್ತರಿಸಿ ಕೊಡಲಿಲ್ಲ. ಈ ಬಟ್ಟೆ ಕಾಲೇಜಿಗೆ ಹೋಗುತ್ತದೆ. ಓದಿದವರು ಇದನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡುತ್ತಾರೆ. ತಂಗಿಯ ಕಷಾಯ ಸೋಲಲಿ, ಅದು ಬೇರೆ ವಿಷಯ. ಬಟ್ಟೆಯಲ್ಲಿ ಒಂದು ಕಲೆ ಇತ್ತು ಅಂತ ಯಾರೂ ಅನ್ನಬಾರದು. ಮಗುವಿಗೆ ಸ್ನಾನ ಮಾಡಿಸಿ, ತಲೆ ಬಾಚಿ ಶಾಲೆಗೆ ಕಳಿಸುವವನ ಹಾಗೆ, ಸಿದ್ಧವಾಗಿದ್ದ ಬಟ್ಟೆಯಿಂದ ಒಳ್ಳೇ ತುಂಡೊಂದನ್ನು ಆರಿಸಿ, ಗಟ್ಟಿಯಾಗಿ ಕಲಸಿದ ಬ್ಲೀಚಿಂಗ್ ನೀರಿನಲ್ಲಿ ತನ್ನ ಕೈಯಾರೆ ಇನ್ನೊಮ್ಮೆ ಅದ್ದಿದ. ಒಂದೇ ಸಲ ಜಾಲಿಸಿ ಬಿಸಿಲಿಗೆ ಹರವಿದ. ಹೆಚ್ಚು ತೊಳೆದರೆ ಹೊಳಪು ಹೋದೀತು ಅಂತ ಅವನ ಲೆಕ್ಕ. ಒಣಗಿದಾಗ ಅದು ಬೆಳ್ಳಕ್ಕಿಯ ರೆಕ್ಕೆಯ ಹಾಗಿತ್ತು. ಯಾರಿಗೂ ಹೇಳಲಿಲ್ಲ. ತಂಗಿಯ ಕೈಗೆ ಕೊಡುವಾಗ, "ತಗೋ, ಕೊಳೆ ಮಾಡು," ಅಂದ.

"ಅಬ್ಬಾ, ಎಷ್ಟು ಬಿಳಿ ಇದೆ!" ಅಂದಳು ಅವಳು.

ಯಜಮಾನನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಟ್ಟೆಯಲ್ಲಿ ಬ್ಲೀಚಿಂಗ್ ವಾಸನೆ ಇತ್ತು. ಆದರೆ ಆ ಕಾರ್ಖಾನೆಯೊಳಗೆ ಅದು ಯಾರ ಮೂಗಿಗೂ ತಾಗುವುದಿಲ್ಲ, ಮೀನು ಮಾರುವವಳಿಗೆ ಮೀನಿನ ವಾಸನೆ ತಾಗದ ಹಾಗೆ.

ತಂಗಿ ಅರ್ಧ ಬಟ್ಟೆಯನ್ನು ಕಂದು ನೀರಿನಲ್ಲಿ ನೆನೆಸಿ, ಪರದೆ ಎಳೆದು ಕತ್ತಲಲ್ಲಿ ಒಣಗಿಸಿದಳು. ಅದು ಎಲ್ಲ ಕಡೆ ಒಂದೇ ಸಮ ಜೇನಿನ ಬಣ್ಣಕ್ಕೆ ಬರಬೇಕಿತ್ತು. ಬರಲಿಲ್ಲ. ಅಲ್ಲಲ್ಲಿ ಬೂದಿ ಮೆತ್ತಿದ ಹಾಗೆ ಮಂಕಾಯಿತು. ಅವಳು ಹುಬ್ಬು ಗಂಟಿಕ್ಕಿ ನೋಡಿದಳು. ಒಣಗಿಸಿದ್ದು ಸರಿಯಾಗಲಿಲ್ಲವೇನೋ ಅಂದುಕೊಂಡಳು. ನಾಣ್ಯದಷ್ಟು ಅಗಲದ ಬಿಲ್ಲೆಗಳನ್ನು ಕತ್ತರಿಸಿದಳು. ಬೆಳ್ಳಿ ಹಾಕಿದ್ದು ಕೆಲವು, ಏನೂ ಹಾಕದ ಬರೀ ಬಟ್ಟೆಯದು ಕೆಲವು. ಕಾಲೇಜಿನಲ್ಲಿ ಗೆಳತಿಯೊಬ್ಬಳು ಕ್ರಿಮಿ ಬೆಳೆಸುತ್ತಿದ್ದಳು. ಗಾಜಿನ ಪುಟ್ಟ ತಟ್ಟೆಗಳಲ್ಲಿ ಜೆಲ್ಲಿ ಹಾಕಿ, ಮೇಲೆ ಗಾಯದ ಕ್ರಿಮಿ ಬಳಿದು, ಆ ಬಿಲ್ಲೆಗಳನ್ನು ಕೂರಿಸಿ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟಳು.

ಮರುದಿನ ತಂಗಿ ತಟ್ಟೆಗಳಿಗೆ ಟೇಪು ಸುತ್ತಿ ತಂದಾಗ ಯಜಮಾನ ಮತ್ತು ಅವನ ಹೆಂಡತಿ ಕೋಣೆಯಲ್ಲೇ ಕಾಯುತ್ತಿದ್ದರು.

"ಮುಚ್ಚಳ ತೆಗೀಬೇಡಿ, ಮೇಲಿಂದಲೇ ನೋಡಿ," ಅಂದಳು. ಅವಳ ದನಿ ಸತ್ತಿತ್ತು.

ಯಜಮಾನ ಬಗ್ಗಿದ. ತಟ್ಟೆಯ ತುಂಬ ಮಂಜು ಕವಿದ ಹಾಗೆ ಮಬ್ಬು. ಅದೇ ಕ್ರಿಮಿ ಅಂದಳು. ಬೆಳ್ಳಿಯ ಬಿಲ್ಲೆಯ ಸುತ್ತ ಸ್ವಲ್ಪ ಜಾಗ ತಿಳಿಯಾಗಿತ್ತು. ಬರೀ ಬಟ್ಟೆಯ ಬಿಲ್ಲೆಯ ಸುತ್ತ ಅದಕ್ಕಿಂತ ದೊಡ್ಡ ತಿಳಿ ಉಂಗುರ.

"ತಿಳಿ ಇದ್ರೆ ಏನು ಅರ್ಥ?"

"ಅಲ್ಲಿ ಕ್ರಿಮಿ ಬೆಳೀಲಿಲ್ಲ ಅಂತ."

"ಹಾಗಾದ್ರೆ..." ಯಜಮಾನ ತಲೆ ಎತ್ತಿದ. ಮುಖ ಊರಗಲ ಆಗಿತ್ತು. "ಹಾಗಾದ್ರೆ ನನ್ನ ಬರೀ ಬಟ್ಟೆನೇ ಕೊಲ್ಲುತ್ತೆ! ಏ, ಕೇಳಿದ್ಯೇನೇ? ಏನೂ ಹಾಕದೇ ಕೊಲ್ಲುತ್ತೆ! ಇವಳ ಬೆಳ್ಳಿ ಹಾಕಿದ್ರೆ ಶಕ್ತಿ ಕಮ್ಮಿ ಆಗುತ್ತೆ! ಇಷ್ಟು ವರ್ಷ ನಾನು ಮಾಡ್ತಿದ್ದಿದ್ದು ಬಟ್ಟೆ ಅಲ್ಲ ಕಣೇ, ಔಷಧಿ!"

"ರೀ, ಸ್ವಲ್ಪ ತಡ್ಕೊಳ್ಳಿ," ಅಂದಳು ಹೆಂಡತಿ. ಅವಳು ನಾದಿನಿಯ ಮುಖ ನೋಡುತ್ತಿದ್ದಳು.

"ಬರೀ ಬಟ್ಟೆ ಕೊಲ್ಲಲ್ಲ," ಅಂದಳು ತಂಗಿ, ಒಂದೊಂದೇ ಮಾತು ಬಿಡಿಸಿ. "ಹತ್ತಿ ಕ್ರಿಮಿ ಕೊಲ್ಲಲ್ಲ ಅಣ್ಣ. ಈ ಬಟ್ಟೆಗೆ ನೀನು ಏನು ಮಾಡಿದೆ?"

"ಏನು ಮಾಡಿದೆ ಅಂದ್ರೆ? ಚೆನ್ನಾಗಿ ಮಾಡಿದೆ. ಎಲ್ಲದಕ್ಕಿಂತ ಬಿಳಿ ಇರ್ಲಿ ಅಂತ ಇನ್ನೊಂದು ಸಲ ಬ್ಲೀಚಿಂಗ್‌ನಲ್ಲಿ ಅದ್ದಿ..."

ಅವಳು ಉಳಿದ ಬಟ್ಟೆಯ ಚೂರನ್ನು ಎತ್ತಿಕೊಂಡು ಅಂಗಳ ದಾಟಿ, ಗೇಟು ದಾಟಿ, ಬೀದಿಯ ಗಾಳಿಯಲ್ಲಿ ನಿಂತು ಮೂಸಿದಳು. ಬಿರಬಿರನೆ ಮರಳಿ ಬಂದಳು. ಆಮೇಲೆ ಬಂದ ಕೂಗು ಕೇಳಿ ಮಗ್ಗದವರು ಮಗ್ಗ ನಿಲ್ಲಿಸಿದರು. ಕುಕ್ಕರಿಗೆ ಒಬ್ಬ ತಂಗಿ ಇದ್ದಾಳೆ ಅನ್ನುವುದು ಅವತ್ತು ಎಲ್ಲರಿಗೂ ಖಾತ್ರಿಯಾಯಿತು.

"ನಿನ್ನನ್ನ ಯಾರು ಕೇಳಿದ್ರು! ನಾನು ಕೇಳಿದ್ದು ಬಟ್ಟೆ! ಬ್ಲೀಚಿಂಗ್ ಪೌಡರ್ ಕೇಳಿದ್ನಾ? ಆ ಉಂಗುರ ಬಂದಿದ್ದು ಬಟ್ಟೆಯಿಂದ ಅಲ್ಲ, ಅದರಲ್ಲಿ ಕೂತಿರೋ ಕ್ಲೋರಿನ್‌ನಿಂದ! ನನ್ನ ಬೆಳ್ಳಿನೂ ಅದೇ ತಿಂದುಹಾಕಿದೆ, ಅದಕ್ಕೇ ಬೂದಿ ಬಣ್ಣ! ಬೆಳ್ಳಗಿರೋದೆಲ್ಲ ಹಾಲಲ್ಲ ಅಣ್ಣ!"

"ಕ್ರಿಮಿ ಸತ್ತಿತೋ ಇಲ್ವೋ? ಯಾರು ಕೊಂದ್ರೇನು?"

"ಸುಟ್ಟ ಗಾಯದ ಮೇಲೆ ಬ್ಲೀಚಿಂಗ್ ನೀರು ಹಾಕಿಸ್ಕೋತೀಯಾ ನೀನು? ಹಾಕ್ಲಾ ಈಗ? ಚರ್ಮ ಸುಲಿದ ಜಾಗಕ್ಕೆ?"

ಯಜಮಾನನ ಕಣ್ಣ ಮುಂದೆ ಆಸ್ಪತ್ರೆಗೆ ಹೋದ ಬಟ್ಟೆಯ ಸುರುಳಿಗಳೆಲ್ಲ ಬಂದು ನಿಂತವು.

"ದಿನಾ ಹೋಗೋ ಬಟ್ಟೆ?" ಅಂದ, ಯಾರೂ ಅವನ ಬಾಯಲ್ಲಿ ಕೇಳಿರದಷ್ಟು ಸಣ್ಣ ದನಿಯಲ್ಲಿ. "ಅದನ್ನ ನಾನು ಸರಿಯಾಗಿ ತೊಳೀತೀನಿ. ಇದೊಂದೇ... ಇದೊಂದೇ ನಾನು ಜಾಸ್ತಿ ಅದ್ದಿದ್ದು. ನೋಡು, ಈಗಲೇ ನೋಡು."

ತಂಗಿ ಸಿಟ್ಟನ್ನು ಅಲ್ಲೇ ಬಿಟ್ಟು ಪ್ಯಾಕಿಂಗ್ ಕೋಣೆಗೆ ಹೋದಳು. ಕಂಡ ಕಂಡ ಸುರುಳಿಯಿಂದ ಚೂರು ಹರಿದು ತಂದು, ಒದ್ದೆ ಮಾಡಿ, ಬ್ಲೀಚಿಂಗ್ ಇದ್ದರೆ ಬಣ್ಣ ತಿರುಗುವ ಕಾಗದಕ್ಕೆ ಒತ್ತಿ ನೋಡಿದಳು. ಒಂದರಲ್ಲೂ ಬಣ್ಣ ತಿರುಗಲಿಲ್ಲ. ಯಜಮಾನ ಸ್ಟೂಲಿನ ಮೇಲೆ ಕುಸಿದು ಕೂತ. ಹೆಂಡತಿ ನೀರು ತಂದುಕೊಟ್ಟಳು. ಗಟಗಟ ಕುಡಿದ.

"ಕಾಗದದಲ್ಲಿ ಏನೂ ಇಲ್ಲ. ನಿನ್ನ ಬಟ್ಟೆ ಸರಿಯಾಗೇ ಇದೆ," ಅಂದಳು ತಂಗಿ. "ನನಗೆ ಕೊಟ್ಟಿದ್ದು ಮಾತ್ರ ಕೆಟ್ಟಿದ್ದು. ಪ್ರೀತಿ ಜಾಸ್ತಿ ಆಗಿ."

"ಪ್ರೀತಿನೂ ಇಲ್ಲ, ಗೀತಿನೂ ಇಲ್ಲ. ನನ್ನ ಮರ್ಯಾದೆಗೆ ಮಾಡಿದ್ದು." ನೆಲ ನೋಡುತ್ತ ಅಂದ: "ಇನ್ನೊಂದು ಸಲ ಮಾಡು. ಮಿಷನ್ ಬರೋಕೆ ಇನ್ನೂ ಸಮಯ ಇದೆ. ಬಟ್ಟೆ ನಾನು ತೊಳೆದು ಕೊಡ್ತೀನಿ. ಹೇಗೆ ಬೇಕು ಹೇಳು."

"ಬ್ಲೀಚಿಂಗ್ ಮುಟ್ಟಿರಬಾರದು. ಬರೀ ಸೋಡಾದಲ್ಲಿ ಕುದಿಸಿದ್ದು."

"ಹಳದಿ ಇರುತ್ತಲ್ಲೇ!"

"ಇರ್ಲಿ."

"ಹಳದಿ ಬಟ್ಟೆ ಈ ಗೇಟು ದಾಟಿ..."

"ಅಣ್ಣ."

"ಆಯ್ತು ಮಾರಾಯ್ತಿ, ಆಯ್ತು."

ತೊಟ್ಟಿಗೆ ಅವನೇ ಇಳಿದ. ಕೆಲಸದವರು ಬಂದರೆ ಗದರಿಸಿ ಓಡಿಸಿದ. ಬಟ್ಟೆ ಕುದಿಸಿದ, ಹಿಂಡಿದ, ಜಾಲಿಸಿದ. ಉಪ್ಪಿನ ಅಂಶ ಚೂರೂ ಉಳಿಯಬಾರದು, ಉಳಿದರೆ ಅದು ಬೆಳ್ಳಿಯನ್ನು ಹಿಡಿದು ಬಿಳಿ ಮಡ್ಡಿ ಮಾಡುತ್ತದೆ ಅಂತ ತಂಗಿ ಹೇಳಿದ್ದಳು. ಪರೀಕ್ಷೆ ಸುಲಭವಾಗಿತ್ತು. ಬಟ್ಟೆ ಹಿಂಡಿದ ನೀರನ್ನು ಲೋಟದಲ್ಲಿ ತರಬೇಕು. ಅವಳು ಅದಕ್ಕೆ ಬೆಳ್ಳಿ ಲವಣದ ಒಂದು ಹನಿ ಬಿಡುತ್ತಾಳೆ. ನೀರು ಹಾಲಿನ ಹಾಗೆ ಮಬ್ಬಾದರೆ ಇನ್ನೂ ತೊಳೆಯಬೇಕು.

ಅವನು ಲೋಟ ತಂದ. ಹಾಲು. ಮತ್ತೆ ತೊಳೆದು ತಂದ. ಹಾಲು. ಬೆವರು ಒರೆಸಿಕೊಳ್ಳುತ್ತ ಮತ್ತೆ ಬಂದ. ಮತ್ತೆ ಹಾಲು.

"ಹಸು ಕಟ್ಟಿದ್ದೀರಾ ತೊಟ್ಟಿ ಹತ್ರ?" ಅಂದಳು ಹೆಂಡತಿ. "ಕರೀತಾನೇ ಇದ್ದೀರಲ್ಲ."

"ನಗು, ನಗು. ನೀನು ಬಂದು ತೊಳೆ, ಗೊತ್ತಾಗುತ್ತೆ."

ತಂಗಿ ನಗಲಿಲ್ಲ. ಅವಳು ಲೋಟವನ್ನೇ ದಿಟ್ಟಿಸುತ್ತಿದ್ದಳು. ಎದ್ದು ಹೋಗಿ ನಲ್ಲಿಯ ನೀರು ಹಿಡಿದು ತಂದಳು, ಯಾವ ಬಟ್ಟೆಯೂ ಮುಟ್ಟದ ಬರೀ ನಲ್ಲಿ ನೀರು. ಅದಕ್ಕೂ ಒಂದು ಹನಿ ಬಿಟ್ಟಳು. ಹಾಲು.

ಯಜಮಾನ ಎರಡೂ ಲೋಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದ.

"ಅಂದ್ರೆ," ಅಂದ ಯಜಮಾನ ನಿಧಾನಕ್ಕೆ, "ನೀರಲ್ಲೇ ಉಪ್ಪಿದೆ."

"ಹೂಂ."

"ಅಂದ್ರೆ ನಾನು ಬೆಳಗಿಂದ ಉಪ್ಪಲ್ಲೇ ಉಪ್ಪನ್ನ ತೊಳೀತಿದ್ದೆ."

"ಹೂಂ. ನಾನು ಮೊದಲೇ ನೋಡಬೇಕಿತ್ತು. ತಪ್ಪು ನಂದೇ."

ಈಗ ಕೂಗು ಬೀಳುತ್ತದೆ ಅಂತ ಹೆಂಡತಿ ಲೋಟಗಳನ್ನು ಎತ್ತಿಕೊಂಡು ದೂರ ಸರಿದಳು. ಕೂಗು ಬೀಳಲಿಲ್ಲ. ಯಜಮಾನ ನಗಲು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು, ಸ್ಟೂಲು ಕಿರುಗುಟ್ಟುವ ಹಾಗೆ ನಕ್ಕ. "ಕಾಲೇಜು ಮೇಡಂ! ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ನೀನು ನನ್ನ ಬಟ್ಟೆ ಡೊಂಕು ಅಂದೆ!" ತಂಗಿ ಮೊದಲು ಕೆಂಪಾದಳು, ಆಮೇಲೆ ತಡೆಯಲಾರದೆ ಅವಳೂ ನಕ್ಕಳು. ಬೆಳ್ಳಿ ತಾಗಿ ಕಪ್ಪಾಗಿದ್ದ ಬೆರಳಿಂದ ಕಣ್ಣೊರೆಸಿಕೊಂಡು ಕೆನ್ನೆಗೆ ಕಪ್ಪು ಗೆರೆ ಎಳೆದುಕೊಂಡಳು. ಎಷ್ಟು ತಿಕ್ಕಿದರೂ ಅದು ಎಷ್ಟೋ ದಿನ ಹೋಗಲಿಲ್ಲ.

ನಗು ಮುಗಿದ ಮೇಲೆ ಅವಳೇ ದಾರಿ ಹೇಳಿದಳು. ಬಟ್ಟೆ ಒಣಗಿಸುವ ಯಂತ್ರಕ್ಕೆ ಬಾಯ್ಲರಿನಿಂದ ಹಬೆ ಬರುತ್ತದೆ. ಕೆಲಸ ಮುಗಿಸಿದ ಹಬೆ ತಣಿದು ನೀರಾಗಿ ಕೊಳವೆಯ ತುದಿಯಿಂದ ಚರಂಡಿಗೆ ತೊಟ್ಟಿಕ್ಕುತ್ತದೆ. ಹಬೆಯಾದ ನೀರಿನಲ್ಲಿ ಉಪ್ಪಿರುವುದಿಲ್ಲ. ಮೊದಮೊದಲು ಬಂದ ತುಕ್ಕು ನೀರನ್ನು ಬಿಟ್ಟು, ಆಮೇಲಿನದನ್ನು ಯಜಮಾನ ಬಕೆಟ್ಟಿನಲ್ಲಿ ಹಿಡಿದ. ಆ ನೀರಿನಲ್ಲಿ ಬಟ್ಟೆಯನ್ನು ಜಾಲಿಸಿ, ಸುರಿದು, ಮತ್ತೆ ಹಿಡಿದು, ಮತ್ತೆ ಜಾಲಿಸಿದ. ಬಕೆಟ್ಟು ತುಂಬುವವರೆಗೆ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತೊಟ್ಟಿಕ್ಕುವುದನ್ನು ಕೇಳುತ್ತಿದ್ದ. ಬಾಯ್ಲರಿನವನು ಬಂದು ಇಣುಕಿ, ಯಜಮಾನ ಹಾಡು ಗುನುಗುತ್ತಿರುವುದನ್ನು ಕೇಳಿ, ಗಾಬರಿಯಾಗಿ ವಾಪಸು ಹೋದ.

ಸಂಜೆ ಲೋಟ ತಂದ. ತಂಗಿ ಹನಿ ಬಿಟ್ಟಳು. ಹನಿ ಬಿದ್ದದ್ದೇ ಗೊತ್ತಾಗಲಿಲ್ಲ. ನೀರು ನೀರಾಗಿಯೇ ಇತ್ತು.

"ಕೊಡು ಬಟ್ಟೆ," ಅಂದಳು.

ಈ ಸಲ ಬಣ್ಣ ಬಟ್ಟೆಯ ಉದ್ದಕ್ಕೂ ಒಂದೇ ಸಮ ಹತ್ತಿತು. ತಿಳಿ ಜೇನಿನ ಬಣ್ಣ, ಒಂದು ಕಲೆಯಿಲ್ಲ, ಒಂದು ಮಂಕಿಲ್ಲ. ಯಜಮಾನ ಪರದೆ ಸರಿಸಿ ಅದನ್ನು ನೋಡಿದ. ಹತ್ತಿಯ ಎಳೆ ಬಣ್ಣವನ್ನು ಹೀಗೆ ಕುಡಿಯಬೇಕಾದರೆ ಬಟ್ಟೆ ಅಷ್ಟು ಶುದ್ಧವಾಗಿರಬೇಕು ಅನ್ನುವುದು ಅವನ ಕಣ್ಣಿಗೆ ತಾನಾಗೇ ತಿಳಿಯಿತು. ಕಂದು ಬಣ್ಣ ಅವನಿಗೆ ಇನ್ನೂ ಇಷ್ಟವಾಗಲಿಲ್ಲ. ಆದರೆ ಇದು ಒಳ್ಳೇ ಕೆಲಸ ಅಂತ ಒಪ್ಪಲೇಬೇಕಾಯಿತು, ಮನಸ್ಸಿನಲ್ಲಿ.

ಬಿಲ್ಲೆಗಳು ಮತ್ತೆ ಕಾಲೇಜಿಗೆ ಹೋದ ದಿನ ದೊಡ್ಡ ಸಿಸ್ಟರ್ ಬಟ್ಟೆಗೆ ಬಂದಳು. ಕೋಣೆಯ ಬಾಗಿಲು ತೆರೆದಿತ್ತು, ಉಳಿದ ತುಂಡು ಹಗ್ಗದ ಮೇಲಿತ್ತು.

"ಏನ್ ಯಜಮಾನ್ರೇ, ನಿಮ್ಮ ಬಟ್ಟೆ ಟೀ ಕುಡಿದಿದೆ?"

"ನಮ್ಮ ಹುಡುಗಿ ಕುಡಿಸಿದ್ದು ಸಿಸ್ಟರ್. ಇಂಥ ಬಣ್ಣದ್ದನ್ನ ನಿಮ್ಮ ವಾರ್ಡಲ್ಲಿ ಯಾರಾದ್ರೂ ಕಟ್ಟಿಸ್ಕೋತಾರಾ? ನೀವೇ ಬುದ್ಧಿ ಹೇಳಿ."

ಸಿಸ್ಟರ್ ಕೈಚೀಲ ಕೆಳಗಿಟ್ಟಳು. "ಬಿಳಿ ಬಟ್ಟೆಯಲ್ಲಿ ರಕ್ತ, ಕೀವು ಬೇಗ ಕಾಣುತ್ತೆ. ಅದೊಂದು ಅನುಕೂಲ, ಸುಳ್ಳು ಹೇಳಲ್ಲ. ಉಳಿದಂತೆ ಬಿಳಿ ಬೇಕಾಗಿರೋದು ನೋಡೋಕೆ ಬರೋ ನೆಂಟರಿಗೆ. ಮಲಗಿರೋನಿಗೆ ಏನು ಬೇಕು ಗೊತ್ತಾ? ಬಟ್ಟೆ ಬಿಚ್ಚುವಾಗ ಪಕ್ಕದ ಹಾಸಿಗೆಯವನು ಮೂಗು ಮುಚ್ಕೋಬಾರದು. ಅಷ್ಟೇ."

ಯಜಮಾನ ಹಗ್ಗದ ಮೇಲಿನ ಕಂದು ಬಟ್ಟೆಯ ಕಡೆ ತಿರುಗಿದ.

"ಹಾಗಂತ ನಾಳೆನೇ ತಗೋತೀನಿ ಅಂದ್ಕೋಬೇಡಿ," ಅಂತ ಅವಳು ಸೇರಿಸಿದಳು. "ಡಾಕ್ಟರುಗಳು ಒಪ್ಪಬೇಕು, ಚರ್ಮಕ್ಕೆ ಆಗಿಬರುತ್ತಾ ನೋಡಬೇಕು, ಬಹಳ ದಾರಿ ಇದೆ. ಮೊದಲು ತಟ್ಟೆಯಲ್ಲಿ ಗೆಲ್ಲಲಿ."

"ಅದೇ ನಾನೂ ಹೇಳಿದ್ದು," ಅಂದ ಯಜಮಾನ. ಆದರೆ ಆ ದಿನವೆಲ್ಲ ಅವನು ಯಾರಿಗೂ ಬೈಯಲಿಲ್ಲ. ಮಗ್ಗದವರು, ಯಜಮಾನ್ರಿಗೆ ಹುಷಾರಿಲ್ವಾ ಅಂತ ಅವನ ಹೆಂಡತಿಯನ್ನು ಕೇಳಿದರು.

ತಟ್ಟೆಗಳೂ ಯಂತ್ರವೂ ಒಂದೇ ಬೆಳಗ್ಗೆ ಬಂದವು. ತಂಗಿ ಗೇಟಿನೊಳಗೆ ಬರುವಾಗಲೇ ಹಿಂದೆ ಲಾರಿ ಹಾರನ್ ಹೊಡೆಯುತ್ತಿತ್ತು. ಅವಳು ಅದನ್ನು ತಿರುಗಿ ನೋಡಿದಳು. ಸೀದಾ ಕೋಣೆಗೆ ನಡೆದಳು. ಹಿಂದೆಯೇ ಯಜಮಾನ, ಅವನ ಹಿಂದೆ ಹೆಂಡತಿ.

ತಟ್ಟೆಯನ್ನು ಮೇಜಿನ ಮೇಲಿಟ್ಟು ಅವಳು ಕೈ ಕಟ್ಟಿ ನಿಂತಳು. "ನೀನೇ ನೋಡು. ನಾನು ಏನೂ ಹೇಳಲ್ಲ."

ಯಜಮಾನ ಕನ್ನಡಕ ಏರಿಸಿ ಬಗ್ಗಿದ. ಬರೀ ಬಟ್ಟೆಯ ಬಿಲ್ಲೆಯನ್ನು ಮೊದಲು ನೋಡಿದ. ಮಬ್ಬು ಅದರ ಅಂಚಿನವರೆಗೂ ಬಂದಿತ್ತು, ಅಂಚು ಹತ್ತಿ ಮೇಲೂ ಏರಿತ್ತು. ಅವನ ಕೈಯಾರೆ ತೊಳೆದ ಶುದ್ಧ ಬಟ್ಟೆಯನ್ನು ಕ್ರಿಮಿಗಳು ಕ್ಯಾರೇ ಅಂದಿರಲಿಲ್ಲ. ಆಮೇಲೆ ಕಂದು ಬಿಲ್ಲೆ. ಅದರ ಸುತ್ತ ಒಂದು ಉಂಗುರ, ಕೈವಾರ ಇಟ್ಟು ಗೀರಿದ ಹಾಗೆ ದುಂಡಗೆ, ಕನ್ನಡಿಯ ಹಾಗೆ ತಿಳಿ. ಇನ್ನೊಂದು ತಟ್ಟೆಯಲ್ಲೂ ಹಾಗೇ. ಮತ್ತೊಂದರಲ್ಲೂ ಹಾಗೇ.

"ಬಟ್ಟೆ ಬಟ್ಟೆಯಾಗೇ ಇದೆ," ಅಂದ. "ಕೊಂದಿದ್ದು ಬೆಳ್ಳಿ."

"ಹೂಂ," ಅಂದಳು ತಂಗಿ.

ಹೊರಗಿನಿಂದ ಲಾರಿಯವನ ಕೂಗು. "ಯಜಮಾನ್ರೇ! ಎಲ್ಲಿ ಇಳಿಸ್ಬೇಕು ಹೇಳಿ, ಭಾರ ಇದೆ!"

ಯಜಮಾನ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ನನ್ನ ಆಫೀಸಲ್ಲಿ ಇಳಿಸಿ! ಮೇಜು ಕುರ್ಚಿ ಎತ್ತಿ ಆಚೆ ಇಡಿ! ಗೋಡೆಗೆ ತಾಗಿಸಿದ್ರೆ ನೋಡಿ ಮತ್ತೆ!"

ಹೆಂಡತಿ ಕಣ್ಣರಳಿಸಿದಳು. "ಆಫೀಸಲ್ಲಾ? ಮತ್ತೆ ನೀವೆಲ್ಲಿ ಕೂರ್ತೀರಿ?"

"ನಾನು ಯಾವತ್ತು ಕೂತಿದ್ದೀನಿ? ನೀನು ನೋಡಿದ್ದೀಯಾ? ಆ ಕುರ್ಚಿಲಿ ಕೂತ್ರೆ ನನಗೆ ನಿದ್ದೆ ಬರುತ್ತೆ. ಮಗ್ಗದ ಪಕ್ಕ ಒಂದು ಸ್ಟೂಲ್ ಹಾಕು, ಸಾಕು. ಅಲ್ಲಿಂದ ಎಲ್ಲರೂ ಕಾಣ್ತಾರೆ."

"ಅಯ್ಯೋ ಪಾಪ, ಮಗ್ಗದವರು," ಅಂದಳು ತಂಗಿ.

"ನಿನ್ನ ಬಾಯಿಗೆ ಮಾತ್ರ ಯಾವ ಬೆಳ್ಳಿನೂ ನಾಟಲ್ಲ." ಅವನು ಹಗ್ಗದ ಕಡೆ ತಿರುಗಿದ. ಕಂದು ಬಟ್ಟೆ ಅಲ್ಲಿ ತೂಗುತ್ತಿತ್ತು. ಬಟ್ಟೆಯವನ ಕೈ, ಕಂಡ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಕೈ ಚಾಚಿದ.

"ಮುಟ್ಟಬೇಡ!" ತಂಗಿ ಹಾರಿ ಬಂದು ಅಡ್ಡ ನಿಂತಳು. "ಕೈ ನೋಡ್ಕೋ!"

ಅವನು ನೋಡಿಕೊಂಡ. ಬೆಳಗ್ಗೆಯೇ ಬ್ಲೀಚಿಂಗ್ ಕಲಸಿ ಬಂದಿದ್ದ. ಉಗುರಿನ ಸಂದಿಯಲ್ಲಿ, ರೇಖೆಗಳಲ್ಲಿ, ಅಂಗಿಯ ತೋಳಿನಂಚಿನಲ್ಲಿ ಬಿಳಿ ಪುಡಿ ಕೂತಿತ್ತು. ನಿಂತ ಜಾಗದ ನೆಲದ ಮೇಲೂ ಪಾದದ ಗುರುತು ಬಿಳಿಯಾಗಿ ಬಿದ್ದಿತ್ತು. ಅವನು ಕೈ ಬೆನ್ನ ಹಿಂದಕ್ಕೆ ಮಾಡಿಕೊಂಡ.

"ಹಾಗಾದ್ರೆ ನಾನು ಈ ಕೋಣೆಗೆ ಬರೋದೇ ತಪ್ಪ?"

"ಕೈಕಾಲು ತೊಳ್ಕೊಂಡು ಬಾ ಅಣ್ಣ. ಯಾರು ಬೇಡ ಅಂದ್ರು?"

"ಯಾವ ನೀರಲ್ಲಿ ತೊಳೀಲಿ? ನಲ್ಲಿ ನೀರಲ್ಲಿ ಉಪ್ಪು. ಬಾಯ್ಲರ್ ನೀರಲ್ಲಿ ಸ್ನಾನ ಮಾಡೋಕೆ ನಾನೇನು ಬ್ಯಾಂಡೇಜಾ?" ಅವನು ಬಾಗಿಲ ಕಡೆ ನಡೆದ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. "ಬಟ್ಟೆ ಎಷ್ಟು ಬೇಕೋ ಹೇಳಿಕಳಿಸು. ಸೋಡಾದಲ್ಲಿ ಕುದಿಸಿದ್ದು, ಹಬೆ ನೀರಲ್ಲಿ ತೊಳೆದದ್ದು. ನಿನ್ನ ಅತ್ತಿಗೆ ಕೈಲಿ ಕಳಿಸ್ತೀನಿ."

"ಅಣ್ಣ, ಎಲ್ಲಿಗೆ ಹೊರಟೆ? ನಿಲ್ಲು, ಟೀ ತರ್ತಾರೆ ಅತ್ತಿಗೆ."

"ನಿನ್ನ ಕೋಣೆ, ನೀನು ಕುಡಿ. ಅಲ್ಲಿ ಆ ಕತ್ತೆಗಳು ಮಿಷನ್‌ನ ತಲೆಕೆಳಗಾಗಿ ಇಳಿಸ್ತಿದ್ದಾವೆ."

ಅವನು ಹೊರಗೆ ಹೋದ. ಅಂಗಳದಿಂದ ಅವನ ಕೂಗು ಕೇಳಿಸಿತು, ಕೆಲಸದವರ ನಗು ಕೇಳಿಸಿತು. ಆಮೇಲೆ, ತನ್ನ ಬಿಳಿ ಪುಡಿ ಅವಳ ಬೆಳ್ಳಿಗೆ ತಾಗದಿರಲಿ ಅಂತ, ಆ ಕೋಣೆಯೊಳಗೆ ಅವನು ಮತ್ತೆ ಕಾಲಿಡಲಿಲ್ಲ.